ಗಟ್ಟಿ ಹಾಸಿಗೆಯೇ ಉತ್ತಮ ಹಾಸಿಗೆಯೆ?

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಮಿತವ್ಯಯವನ್ನು ಬೋಧಿಸಲು ಹಿರಿಯರು ಇದನ್ನು ಬಳಸಿದರು. ಆದರೆ ಹಾಸಿಗೆಯ ಉದ್ದವನ್ನು ಕುರಿತು ಎಚ್ಚರಿಸುವ ಈ ಗಾದೆಯು ಅದರ ಗಡಸುತನವನ್ನು ಕುರಿತು ಏನನ್ನೂ ಹೇಳುವುದಿಲ್ಲ. ಆ ತೆರವನ್ನು ತುಂಬಲೋ ಎಂಬಂತೆ ಮುಂಬಯಿಯ ಅನೇಕ ಕನ್ನಡ ಕುಟುಂಬಗಳಲ್ಲಿ ಮತ್ತೊಂದು ನಂಬಿಕೆ ಬೇರೂರಿದೆ: ಹಾಸಿಗೆ ಗಟ್ಟಿಯಾದಷ್ಟೂ ಬೆನ್ನಿಗೆ ಹಿತ, ಮೆತ್ತನೆಯ ಹಾಸಿಗೆ ಶ್ರೀಮಂತರ ಚಟ. ಈ ನಂಬಿಕೆಯನ್ನು ಪುನಃ ಪರಿಶೀಲಿಸುವುದು ಆವಶ್ಯಕವಾಗಿದೆ.

ನಂಬಿಕೆಗೆ ಕಾರಣವಿಲ್ಲದಿಲ್ಲ. ಅವಿಭಜಿತ ದಕ್ಷಿಣ ಕನ್ನಡದಿಂದ ಈ ನಗರಕ್ಕೆ ಬಂದ ತರುಣರಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಬಾಗಿಲು ಮುಚ್ಚಿದ ಮೇಲೆ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಚಾದರ ಹಾಸಿ ಮಲಗಿದವರು. ವರಳಿ, ನಾಯಗಾಂವ್‌ಗಳ ಬಿ.ಡಿ.ಡಿ. ಚಾಳುಗಳ 160 ಚದರ ಅಡಿಯ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ನೆಲವೇ ಮಂಚವಾಗಿತ್ತು. ಅಲ್ಲಿಯೂ ಅವರಿಗೆ ಗಾಢನಿದ್ರೆ ಬಂದಿತು. ಆದರೆ ಆ ನಿದ್ರೆಯನ್ನು ತಂದದ್ದು ಇಪ್ಪತ್ತರ ಪ್ರಾಯ ಮತ್ತು ದಿನದ ದಣಿವು. ಪ್ರಾಯದ ಖಾತೆಗೆ ಜಮೆಯಾಗಬೇಕಿದ್ದ ಕೀರ್ತಿ ಹಲಗೆಯ ಖಾತೆಗೆ ಜಮೆಯಾಯಿತು. ಅದೇ ದೇಹಕ್ಕೆ ಅರುವತ್ತು ತುಂಬಿ, ಮುಂಜಾನೆ ಎದ್ದಾಗ ಸೊಂಟ ಹಿಡಿದುಕೊಂಡರೂ ಅಪರಾಧಿ ಹಾಸಿಗೆಯಿರಬಹುದೆಂಬ ಸಂಶಯ ಯಾರಿಗೂ ಬರುವುದಿಲ್ಲ.

ಈ ವಿಷಯದಲ್ಲಿ ವೈದ್ಯವಿಜ್ಞಾನವು ಪರೀಕ್ಷೆ ನಡೆಸದೆ ಇಲ್ಲ. 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಅಧ್ಯಯನವೊಂದು ಪ್ರಕಟವಾಯಿತು. ಬಹುಕಾಲದಿಂದ ಸೊಂಟನೋವಿನಿಂದ ಬಳಲುತ್ತಿದ್ದ 313 ಮಂದಿಯನ್ನು ಎರಡು ಗುಂಪುಗಳನ್ನಾಗಿ ವಿಂಗಡಿಸಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆಯನ್ನೂ ಇನ್ನೊಂದಕ್ಕೆ ಮಧ್ಯಮ ಗಡಸಿನ ಹಾಸಿಗೆಯನ್ನೂ, ಯಾವುದು ಯಾರಿಗೆ ಎಂದು ತಿಳಿಸದೆ ಕೊಡಲಾಯಿತು. ತೊಂಬತ್ತು ದಿನಗಳ ಅನಂತರ ನೋಡಿದಾಗ, ಮಲಗಿರುವಾಗಿನ ನೋವು, ಎದ್ದಾಗಿನ ನೋವು, ದೈನಂದಿನ ಕೆಲಸಕ್ಕಾಗುವ ಅಡಚಣೆ ಇವೆಲ್ಲದರಲ್ಲಿಯೂ ಮಧ್ಯಮ ಹಾಸಿಗೆಯವರಿಗೇ ಹೆಚ್ಚು ಉಪಶಮನ ದೊರೆತಿತ್ತು. ಅತಿ ಗಟ್ಟಿಗೆ 1, ಅತಿ ಮೆತ್ತಗೆ 10 ಎಂಬ ಅಳತೆಯಲ್ಲಿ ಆ ಮಧ್ಯಮ ಹಾಸಿಗೆಯ ಅಂಕ 5.6, ಗಟ್ಟಿಯದು 2.3. ಹೀಗಿರುವಾಗ, ಅಂಗಡಿಯಲ್ಲಿ ಹಲಗೆಯಂತಹ ಹಾಸಿಗೆಗೆ 'ಆರ್ಥೊಪೆಡಿಕ್' ಎಂಬ ಚೀಟಿ ಅಂಟಿಸಿದ್ದರೆ ಅದನ್ನು ವೈದ್ಯರ ಪ್ರಮಾಣಪತ್ರವೆಂದು ಭ್ರಮಿಸಬಾರದು. ಅದು ಮಾರಾಟದ ಮಾತು.

ಹಾಗಾದರೆ ಗಟ್ಟಿ ಎಷ್ಟಿರಬೇಕು? ಉತ್ತರವು ಮಲಗುವ ಭಂಗಿಯನ್ನೂ ದೇಹದ ತೂಕವನ್ನೂ ಅವಲಂಬಿಸಿದೆ. ಅಂಗಾತ ಮಲಗುವವರಿಗೆ ಬೆನ್ನಿನ ಸಹಜವಾದ ಬಾಗು ಉಳಿಯುವಷ್ಟು ಆಧಾರ ಬೇಕು. ತುಸು ಗಟ್ಟಿಯಾದುದೇ ಅವರಿಗೆ ಒಪ್ಪುತ್ತದೆ. ಮಂಡಿಗಳ ಕೆಳಗೊಂದು ಸಣ್ಣ ದಿಂಬಿಟ್ಟರೆ ಸೊಂಟದ ಬಿಗುವು ಕಡಿಮೆಯಾದೀತು. ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜದ ಮೇಲೂ ಸೊಂಟದ ಮೂಳೆಯ ಮೇಲೂ ಬೀಳುವುದರಿಂದ, ಆ ಎರಡು ಭಾಗಗಳು ಸ್ವಲ್ಪ ಒಳಗಿಳಿಯುವಷ್ಟು ಮೃದುತ್ವ ಅಗತ್ಯ. ಇಲ್ಲವಾದರೆ ಬೆನ್ನೆಲುಬು ಓರೆಯಾಗುತ್ತದೆ, ತೋಳು ಜೋಮು ಹಿಡಿಯುತ್ತದೆ. ಇಂಥವರಿಗೆ ಭುಜಕ್ಕೂ ಕಿವಿಗೂ ನಡುವಣ ಅಂತರವನ್ನು ತುಂಬುವಷ್ಟು ಎತ್ತರದ ತಲೆದಿಂಬು ಬೇಕು. ಬೋರಲು ಮಲಗುವವರು ಮೆತ್ತನೆಯ ಹಾಸಿಗೆಯಲ್ಲಿ ನಡು ಕುಸಿದು ನೋವಿಗೀಡಾಗುವರು; ಅವರಿಗೆ ಗಟ್ಟಿ ಹಾಸಿಗೆ, ತೆಳು ದಿಂಬು ಲೇಸು; ಆ ಅಭ್ಯಾಸವನ್ನೇ ಬಿಡುವುದು ಇನ್ನೂ ಲೇಸು. ಕೃಶಕಾಯರಿಗೆ ಗಟ್ಟಿಯೆನಿಸುವ ಹಾಸಿಗೆ ಸ್ಥೂಲಕಾಯರಿಗೆ ಮೆತ್ತಗಾಗಿ ತೋರುವುದೆಂಬುದೂ ನೆನಪಿರಲಿ. ವರ್ಷ ತುಂಬದ ಶಿಶುವಿಗೆ ಮಾತ್ರ ನಿಯಮ ಬೇರೆ: ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು, ದಿಂಬು, ರಜಾಯಿಗಳು ಸಲ್ಲವು.

ಪರೀಕ್ಷೆಯೂ ಸರಳ. ಅಂಗಡಿಯಲ್ಲಿ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡುವುದರಿಂದ ಪ್ರಯೋಜನವಿಲ್ಲ. ಸಂಕೋಚ ಬಿಟ್ಟು, ತಾವು ಮಲಗುವ ಭಂಗಿಯಲ್ಲಿಯೇ ಹತ್ತು ನಿಮಿಷ ಮಲಗಬೇಕು. ಅಂಗಾತವಿದ್ದಾಗ ಸೊಂಟದಡಿ ಕೈ ಸರಾಗವಾಗಿ ತೂರಿದರೆ ಹಾಸಿಗೆ ಅತಿ ಗಟ್ಟಿ. ತೂರದೇ ಹೋದರೆ ಅತಿ ಮೆತ್ತಗೆ. ಮಗ್ಗುಲಾದಾಗ ಕತ್ತಿನಿಂದ ಸೊಂಟದವರೆಗೆ ಬೆನ್ನೆಲುಬು ನೇರವಾಗಿದೆಯೇ ಎಂದು ಜೊತೆಗಿದ್ದವರು ಹಿಂದಿನಿಂದ ನೋಡಬೇಕು.

ಇನ್ನು ಸಾಮಗ್ರಿಯ ವಿಚಾರ. ಹತ್ತಿಯ ಗಾದಿ ಅಗ್ಗವಾದುದು; ಗಂಟುಕಟ್ಟಿದಾಗ ಪಿಂಜಾರನಿಂದ ಹಿಂಜಿಸಿದರೆ ಮತ್ತೆ ಹೊಸತಾಗುವುದು. ರಬ್ಬರು ಬೆರೆಸಿದ ತೆಂಗಿನ ನಾರಿನ ಹಾಸಿಗೆ ಕರಾವಳಿಯವರಿಗೆ ಹೊಸತಲ್ಲ. ಅದನ್ನು ಮನೆಮಾತಾಗಿಸಿದ, 2023ರಲ್ಲಿ ಶೀಲಾ ಫೋಮ್ ಸಂಸ್ಥೆಯ ಪಾಲಾದ ಕರ್ಲಾನ್, ಮಣಿಪಾಲದ ಪೈ ಮನೆತನದ ಉದ್ಯಮವಾಗಿತ್ತು. ನಾರಿನ ಹಾಸಿಗೆಯಲ್ಲಿ ಗಾಳಿಯಾಡುತ್ತದೆ. ಆದರೆ ಅದು ಬಲು ಗಟ್ಟಿ. ಫೋಮ್ ಕೊಳ್ಳುವವರು ಘನ ಮೀಟರಿಗೆ ಇಷ್ಟು ಕಿಲೋಗ್ರಾಮ್ ಎಂದು ನಮೂದಿಸುವ ಸಾಂದ್ರತೆಯನ್ನು ಕೇಳಬೇಕು. 32 ಅಥವಾ 40 ಎಂಬ ಈ ಸಂಖ್ಯೆ ಬಾಳಿಕೆಯನ್ನು ಸೂಚಿಸುತ್ತದೆಯೇ ಹೊರತು ಗಡಸುತನವನ್ನಲ್ಲ. ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಗರದಲ್ಲಿ ಯಾವ ಹಾಸಿಗೆಯನ್ನೂ ಬರಿನೆಲದ ಮೇಲೆ ಸದಾ ಬಿಡುವುದು ತರವಲ್ಲ, ಬೂಸಲು ಹಿಡಿಯುತ್ತದೆ. ಈಗಾಗಲೇ ಗಟ್ಟಿ ಹಾಸಿಗೆಯನ್ನು ಕೊಂಡವರು ಅದನ್ನು ಎಸೆಯಬೇಕಿಲ್ಲ. ಅದರ ಮೇಲೆ ಒಂದೂವರೆ ಅಂಗುಲದ ಫೋಮ್ ಅಥವಾ ತೆಳುವಾದ ಹತ್ತಿಯ ಗಾದಿಯನ್ನು ಹಾಸಿದರೆ ಅಲ್ಪ ವೆಚ್ಚದಲ್ಲಿಯೇ ಅದು ಮಧ್ಯಮವಾಗುವುದು.

ಖರ್ಚಿನ ಲೆಕ್ಕವನ್ನೂ ನೋಡೋಣ. ಒಂಬತ್ತು ಸಾವಿರ ರೂಪಾಯಿಯ ಹಾಸಿಗೆ ಎಂಟು ವರ್ಷ ಬಾಳಿದರೆ ದಿನಕ್ಕೆ ಬೀಳುವ ವೆಚ್ಚ ಸುಮಾರು ಮೂರು ರೂಪಾಯಿ; ಒಂದು ಕಟಿಂಗ್ ಚಹಾಕ್ಕಿಂತಲೂ ಕಡಿಮೆ. ಮೂರು ಸಾವಿರಕ್ಕೆ ಕೊಂಡುದು ಎರಡೇ ವರ್ಷದಲ್ಲಿ ಕುಸಿದರೆ ಅದು ನಾಲ್ಕು ರೂಪಾಯಿಗೆ ಮಿಕ್ಕುತ್ತದೆ. ಆದುದರಿಂದ ಬೆಲೆಯನ್ನು ಆಯುಷ್ಯದಿಂದ ಭಾಗಿಸಿ ನೋಡುವುದು ಜಾಣತನ. ಬಿಲ್ಲನ್ನು ಜೋಪಾನವಾಗಿಡಬೇಕು, ಹಿಂತಿರುಗಿಸುವ ಷರತ್ತುಗಳನ್ನು ಹಣ ಕೊಡುವ ಮೊದಲೇ ಓದಬೇಕು.

ಹಾಸಿಗೆ ಔಷಧವಲ್ಲವೆಂಬುದನ್ನೂ ಮರೆಯಲಾಗದು. ನೋವು ಕಾಲಿಗಿಳಿದರೆ, ಜೋಮು ಹಿಡಿದರೆ, ಜ್ವರವಿದ್ದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅಂಗಡಿಗಲ್ಲ, ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಪರೇಲಿನ ಕೆ.ಇ.ಎಂ., ಸಯನ್‌ನ ಲೋಕಮಾನ್ಯ ತಿಲಕ ಮೊದಲಾದ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಅಸ್ಥಿರೋಗ ವಿಭಾಗಗಳಿವೆ.

ಕೊನೆಯದಾಗಿ ಒಂದು ಮಾತು. ಇಕ್ಕಟ್ಟಾದ ಮನೆಗಳಲ್ಲಿ ಇರುವ ಒಂದು ಒಳ್ಳೆಯ ಹಾಸಿಗೆ ಯಾರ ಪಾಲಿಗೆ ಎಂಬುದನ್ನು ದೇಹದ ಅಗತ್ಯಕ್ಕಿಂತ ಹೆಚ್ಚಾಗಿ ಸಂಪಾದನೆಯೇ ನಿರ್ಧರಿಸುತ್ತದೆ. ಗಳಿಸುವವನು ಮಂಚದ ಮೇಲೆ; ಬೆಳಗಿನ ಐದಕ್ಕೇ ಎದ್ದು ಡಬ್ಬಿ ಕಟ್ಟುವ ಗೃಹಿಣಿಯೋ, ಮಂಡಿನೋವಿನ ವೃದ್ಧ ತಾಯಿಯೋ ನೆಲದ ಚಾಪೆಯ ಮೇಲೆ. "ನನಗೆ ಅಭ್ಯಾಸವಾಗಿದೆ" ಎಂದು ಅವರು ಹೇಳುವುದುಂಟು. ಅಭ್ಯಾಸವು ಆರೋಗ್ಯದ ಲಕ್ಷಣವಲ್ಲ. ಎಷ್ಟೋ ಬಾರಿ ಅದು ಕೇಳಲಾರದ ಸಂಕೋಚಕ್ಕೆ ಕೊಟ್ಟ ಹೆಸರು. ಮುಂದಿನ ಬೋನಸ್ಸಿನಲ್ಲಿ ಒಂದೇ ಹಾಸಿಗೆ ಕೊಳ್ಳಲು ಸಾಧ್ಯವಾದರೆ ಅದು ಮನೆಯಲ್ಲಿ ಅತ್ಯಂತ ನೋಯುವ ಬೆನ್ನಿಗೆ ಸಲ್ಲಲಿ; ಅಂಗಡಿಗೂ ಅವರನ್ನೇ ಕರೆದೊಯ್ದು, ಅವರನ್ನೇ ಮಲಗಿಸಿ ನೋಡಿ ಆರಿಸಲಿ.