ನಿಜಾಮರು ರಾಜಪ್ರಮುಖರಾದರು, ಜವಾನ ಏನಾದ?

2024ರ ಡಿಸೆಂಬರ್ 8ರಂದು ಬಶ್ಶಾರ್ ಅಲ್ ಅಸದ್ ಡಮಾಸ್ಕಸ್ ಬಿಟ್ಟು ಮಾಸ್ಕೋಗೆ ಓಡಿಹೋದಾಗ ನಮ್ಮ ಮೊಬೈಲುಗಳೆಲ್ಲ ಸಂಭ್ರಮದಿಂದ ತುಂಬಿದ್ದವು. ಸೈದ್ನಾಯಾ ಜೈಲಿನ ಬಾಗಿಲು ಒಡೆದು ಕೈದಿಗಳು ಹೊರಗೆ ಬರುವ ವೀಡಿಯೊ ನೋಡಿ ಕಣ್ಣು ಒದ್ದೆ ಮಾಡಿಕೊಂಡವರು ನಮ್ಮಲ್ಲಿ ಬಹಳ ಮಂದಿ. ತಂದೆ, ಮಗ ಸೇರಿ ಐದು ದಶಕ ನಡೆಸಿದ ಜುಲುಮಿನ ಆಳ್ವಿಕೆ ಅದು. ಸಂತೋಷಪಟ್ಟದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಮೂರೇ ತಿಂಗಳಲ್ಲಿ, 2025ರ ಮಾರ್ಚ್‌ನಲ್ಲಿ, ಅಸದ್ ಕಡೆಯ ಬಂದೂಕುಧಾರಿಗಳು ಹೊಸ ಸರಕಾರದ ಪಡೆಗಳ ಮೇಲೆ ದಾಳಿ ಮಾಡಿದರು. ಅದರ ಬೆನ್ನಿಗೇ ಲಟಾಕಿಯಾ, ತರ್ತೂಸ್, ಬಾನಿಯಾಸ್ ಕಡೆ ಅಲವಿಗಳ ಮನೆಗಳಿಗೆ ನುಗ್ಗಿ ಕೊಲ್ಲಲಾಯಿತು. ಹೊಸ ಸರಕಾರವೇ ನೇಮಿಸಿದ ಸಮಿತಿ ಸತ್ತವರು 1,426 ಮಂದಿ, ಹೆಚ್ಚಿನವರು ಸಾಮಾನ್ಯ ಜನ ಎಂದು ಹೇಳಿತು. ಆಗ ನಮ್ಮ ಸ್ಟೇಟಸ್‌ಗಳು ಸುಮ್ಮನಿದ್ದವು. 'ಅವರೇನು ಕಡಿಮೆ ಮಾಡಿದ್ದಾರಾ?' ಅಂತ ಕೇಳಿದವರೂ ಇದ್ದರು.

ಹಾಗೆ ಕೇಳುವವರು ಒಮ್ಮೆ ನಮ್ಮದೇ ರಾಜ್ಯದ ಆಳಂದ, ಅಫಜಲಪುರ, ಜೇವರ್ಗಿ ಕಡೆ ನೋಡಬೇಕು. ಅಲ್ಲಿನ ಮುಸ್ಲಿಮರು 1948ರಿಂದ ಇದೇ ಮಾತು ಕೇಳಿಸಿಕೊಳ್ಳುತ್ತಾ ಬಂದಿದ್ದಾರೆ.

ನಮ್ಮ ಕರಾವಳಿಯವರಿಗೆ ಈ ಚರಿತ್ರೆ ಹೆಚ್ಚು ಗೊತ್ತಿಲ್ಲ. ನಾವು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದೆವು. ಬ್ರಿಟಿಷರು ಹೋದ ದಿನವೇ ನಮಗೆ ಸ್ವಾತಂತ್ರ್ಯ ಬಂತು. ಕಲಬುರಗಿ, ಬೀದರ್, ರಾಯಚೂರಿನವರು ಇನ್ನೂ ಹದಿಮೂರು ತಿಂಗಳು ಹೈದರಾಬಾದ್ ನಿಜಾಮರ ಕೈಕೆಳಗೇ ಇದ್ದರು. ಅವರೂ ನಾವೂ ಒಂದೇ ರಾಜ್ಯದವರಾದದ್ದು 1956ರ ನವೆಂಬರ್ 1ಕ್ಕೆ. ಆ ಕಡೆಯ ಮಕ್ಕಳು ಈಗ ನಮ್ಮ ದರ್ಸ್‌ಗಳಿಗೆ ಕಲಿಯಲಿಕ್ಕೆ ಬರುತ್ತಾರೆ. ಅವರಲ್ಲಿ ಕೇಳಿದರೆ ಗೊತ್ತಾಗುತ್ತದೆ: ಅದೇ 1948ಕ್ಕೆ ಹಿಂದೂ ಮನೆಯ ಅಜ್ಜ 'ರಜಾಕಾರರ ಹಾವಳಿ' ಅನ್ನುತ್ತಾರೆ, ಮುಸ್ಲಿಂ ಮನೆಯ ಅಜ್ಜಿ 'ಪೊಲೀಸ್ ಆಕ್ಷನ್' ಅನ್ನುತ್ತಾರೆ. ಎರಡೂ ನಿಜ.

ಮೊದಲನೆಯದನ್ನು ಮುಚ್ಚಿಡದೆ ಹೇಳಬೇಕು. ನಿಜಾಮರ ರಾಜ್ಯದಲ್ಲಿ ಪ್ರಜೆಗಳಲ್ಲಿ ಹೆಚ್ಚಿನವರು ಹಿಂದೂಗಳು, ಆಡಳಿತದ ಭಾಷೆ ಉರ್ದು. ಸಭೆ ಮಾಡಬೇಕಾದರೂ ಸರಕಾರದ ಅಪ್ಪಣೆ ಬೇಕಿತ್ತು. ಪಾಯಿಗಾ, ಜಾಗೀರು ಅಂತ ಊರೂರೇ ದೊಡ್ಡವರ ಹೆಸರಿನಲ್ಲಿದ್ದವು. ಭಾರತಕ್ಕೆ ಸೇರಬೇಕು ಅಂದವರ ಮೇಲೆ ಕಾಸಿಂ ರಜ್ವಿಯ ರಜಾಕಾರರು ಬಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಇನ್ನೂರರಷ್ಟು ಜನರನ್ನು ಕೊಂದರೆಂದು ಹೇಳಲಾಗುತ್ತದೆ. ರಜಾಕಾರರನ್ನು ಟೀಕಿಸಿದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶುಐಬುಲ್ಲಾ ಖಾನ್ ಅವರನ್ನು ಅದೇ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಂದರು. ಅವರೂ ಮುಸ್ಲಿಮರೇ. ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತುಂಟು?

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಗಡಿ ತಾಲೂಕುಗಳು. ಒಂದು ಮಗ್ಗುಲಿಗೆ ಸೊಲ್ಲಾಪುರ, ಇನ್ನೊಂದು ಮಗ್ಗುಲಿಗೆ ಇಂಡಿ, ಸಿಂದಗಿ. ಅವೆಲ್ಲ ಆಗ ಮುಂಬೈ ಪ್ರಾಂತ್ಯ. ಗಡಿಯಾಚೆ ಹೋರಾಟಗಾರರ ಶಿಬಿರಗಳು, ಈಚೆ ರಜಾಕಾರರು. ನಡುವೆ ಸಿಕ್ಕಿದ ಹಳ್ಳಿಗಳ ಪಾಡು ಕೇಳುವುದೇ ಬೇಡ. ಆಳಂದದ ಲಾಡ್ಲೆ ಮಶಾಯಿಖರ ದರ್ಗಾಕ್ಕೆ ಹಿಂದೂಗಳೂ ನಡೆದುಕೊಳ್ಳುವ ಸೀಮೆ ಅದು.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳಗೆ ಬಂತು. 17ಕ್ಕೆ ನಿಜಾಮರು ಶರಣಾದರು. ಐದು ದಿನದ ಕೆಲಸ. ಅಲ್ಲಿಂದ ಮುಂದೆ ಏನಾಯಿತು ಅನ್ನುವುದೇ ನನ್ನ ವಿಷಯ.

ಮೇಲಿದ್ದವರಿಗೆ ಏನಾಯಿತು ನೋಡಿ. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು 1950ರ ಜನವರಿ 26ಕ್ಕೆ ಅದೇ ಹೈದರಾಬಾದಿನ ರಾಜಪ್ರಮುಖರಾದರು. ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ. ಪ್ರಧಾನಿಯಾಗಿದ್ದ ಮೀರ್ ಲಾಯಕ್ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ಕಾಸಿಂ ರಜ್ವಿಯನ್ನು ಕೋರ್ಟಿಗೆ ನಿಲ್ಲಿಸಿ, ವಕೀಲರನ್ನು ಕೊಟ್ಟು, ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟರು. 1957ರಲ್ಲಿ ಬಿಡುಗಡೆಯಾಗಿ ಆತನೂ ಪಾಕಿಸ್ತಾನಕ್ಕೆ ಹೋದ. ಕಾನೂನು ಪ್ರಕಾರ ನಡೆಯಿತು, ಸರಿಯೇ.

ಕೆಳಗಿದ್ದವರಿಗೆ ಆ ಕಾನೂನು ಸಿಗಲಿಲ್ಲ. ಹತ್ಯೆ, ಲೂಟಿಯ ಸುದ್ದಿಗಳು ದೆಹಲಿ ಮುಟ್ಟಿದಾಗ ಪ್ರಧಾನಿ ನೆಹರೂ ಒಂದು ತಂಡ ಕಳಿಸಿದರು: ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ರಾಜ್ಯದ 16 ಜಿಲ್ಲೆಗಳಲ್ಲಿ ಒಂಬತ್ತನ್ನು ಅವರು ತಿರುಗಿದರು. ಪೊಲೀಸ್ ಆಕ್ಷನ್ ವೇಳೆ ಮತ್ತು ಆ ನಂತರ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿದರು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆ ಇಲ್ಲ. ಆಳಂದವಂತೂ ಉಸ್ಮಾನಾಬಾದಿನ ಗಡಿಗೆ ತಾಗಿಯೇ ಇರುವ ತಾಲೂಕು.

ಅದು ಒಂದೇ ಕಣ್ಣಿನಿಂದ ಬರೆದ ವರದಿಯಲ್ಲ. ರಜಾಕಾರರ ಕ್ರೌರ್ಯ ಅದರಲ್ಲಿದೆ. ಮಿಲಿಟರಿ ಗವರ್ನರ್ ಜೆ.ಎನ್. ಚೌಧುರಿಯವರ ಬಗ್ಗೆ ಒಳ್ಳೆಯ ಮಾತಿದೆ. ಕೆಲವು ಕಡೆ ಸೈನಿಕರೇ ಲೂಟಿಗೆ ಕುಮ್ಮಕ್ಕು ಕೊಟ್ಟರು ಅಂತಲೂ ಇದೆ. ನನ್ನ ಮನಸ್ಸಿನಲ್ಲಿ ಉಳಿದ ಸಂಗತಿ ಬೇರೆ: ಮುಸ್ಲಿಂ ನೇಕಾರರನ್ನು ಕಾಪಾಡಲು ಹಿಂದೂ ನೇಕಾರರು ನಿಂತರು, ಅದಕ್ಕಾಗಿ ಜೀವ ಕೊಟ್ಟವರೂ ಇದ್ದರು. ಅಪಹರಿಸಿದ ಹೆಣ್ಣುಮಕ್ಕಳನ್ನು ಹುಡುಕಿ ತರಲು ಹಿಂದೂಗಳೇ ನೆರವಾದರು.

ಗೃಹ ಸಚಿವ ಪಟೇಲರಿಗೆ ಈ ವರದಿ ಹಿಡಿಸಲಿಲ್ಲ. ಅದು ಪ್ರಕಟವಾಗಲೇ ಇಲ್ಲ. ಕೆಲವು ಭಾಗಗಳು ಹೇಗೋ ಹೊರಗೆ ಬಂದವು ಬಿಡಿ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಎಲ್ಲರ ಓದಿಗೆ ಸಿಗುವಂತಾದದ್ದು 2013ರ ಹೊತ್ತಿಗೆ. ಅಂದರೆ 65 ವರ್ಷ. ಅಷ್ಟರಲ್ಲಿ ಸಾಕ್ಷಿ ಹೇಳಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರು?

ಹೊಟ್ಟೆಪಾಡಿನ ಕಥೆ ಬೇರೆ. 1949ರ ಆಗಸ್ಟ್‌ನಲ್ಲಿ ಜಾಗೀರು ರದ್ದಾಯಿತು. ಒಳ್ಳೆಯದೇ ಆಯಿತು, ಉಳುವವನ ಮೈಮೇಲಿನ ಭಾರ ಇಳಿಯಿತು. ಜಾಗೀರುದಾರನಿಗೆ ಪರಿಹಾರವೂ ಸಿಕ್ಕಿತು. ಅವನ ಮನೆಯ ಕಾವಲುಗಾರ, ಲೆಕ್ಕ ಬರೆಯುವ ಮುನ್ಷಿ, ಕುದುರೆ ನೋಡುವವನು ಬರಿಗೈಯಲ್ಲಿ ಹೊರಗೆ ಬಂದರು. ಉರ್ದು ಮಾತ್ರ ಓದಲು ಬರುತ್ತಿದ್ದ ಕಚೇರಿಯ ಜವಾನನಿಗೆ ಫೈಲು ಕನ್ನಡಕ್ಕೆ ಬಂದ ದಿನ ತನ್ನ ವಿದ್ಯೆಯೇ ಇಲ್ಲದ ಹಾಗಾಯಿತು. ಈ ಜನ ನಿಜಾಮರ ಆಳ್ವಿಕೆಯಲ್ಲಿ ಏನು ಸುಖ ಕಂಡಿದ್ದರು? ದೊರೆಯ ಧರ್ಮ ತಮ್ಮದೂ ಆಗಿತ್ತು, ಅಷ್ಟೆ.

ಮದ್ರಸದಲ್ಲಿ ಮಕ್ಕಾ ವಿಜಯದ ಪಾಠ ಬಂದಾಗ ನಾವು ಪ್ರವಾದಿ(ಸ)ಯವರು ಕೊಟ್ಟ ಸಾರ್ವತ್ರಿಕ ಕ್ಷಮೆಯನ್ನು ಹೇಳಿ ಪಾಠ ಮುಗಿಸಿಬಿಡುತ್ತೇವೆ. ಅದಾಗಿ ಸ್ವಲ್ಪ ದಿನಕ್ಕೆ ನಡೆದ ಬನೂ ಜದೀಮಾ ಘಟನೆಯನ್ನೂ ಮಕ್ಕಳಿಗೆ ಹೇಳಬೇಕು. ಹ. ಖಾಲಿದ್ ಬಿನ್ ವಲೀದ್(ರ) ಅವರನ್ನು ಆ ಗೋತ್ರದ ಕಡೆ ಕಳಿಸಿದ್ದರು. ಆ ಜನ ಇಸ್ಲಾಂ ಸ್ವೀಕರಿಸಿದೆವೆಂದು ಹೇಳಿದ ರೀತಿ ಸ್ಪಷ್ಟವಾಗಿರಲಿಲ್ಲ. ತಪ್ಪು ತಿಳುವಳಿಕೆಯಲ್ಲಿ ಹಲವರ ಹತ್ಯೆಯಾಯಿತು. ಸುದ್ದಿ ಕೇಳಿದ ಪ್ರವಾದಿ(ಸ)ಯವರು ಕೈಯೆತ್ತಿ, ಈ ಕೃತ್ಯದ ಹೊಣೆ ತಮ್ಮದಲ್ಲವೆಂದು ಅಲ್ಲಾಹನ ಮುಂದೆ ಎಲ್ಲರೆದುರು ಹೇಳಿದರು. ಹ. ಅಲಿ(ರ) ಅವರ ಕೈಯಲ್ಲಿ ಹಣ ಕೊಟ್ಟು ಕಳಿಸಿದರು. ಪ್ರತಿ ಜೀವಕ್ಕೆ ಪರಿಹಾರ ಕೊಟ್ಟದ್ದಲ್ಲದೆ, ನಾಯಿ ನೀರು ಕುಡಿಯುವ ಪಾತ್ರೆ ಹಾಳಾಗಿದ್ದರೆ ಅದಕ್ಕೂ ಕೊಟ್ಟರು. ಉಳಿದ ಹಣವನ್ನೂ, ಲೆಕ್ಕಕ್ಕೆ ಸಿಗದ ನಷ್ಟ ಇದ್ದೀತೆಂದು, ಅಲ್ಲೇ ಬಿಟ್ಟು ಬಂದರು. ಗೆದ್ದವರು ತಮ್ಮದೇ ಪಡೆಯಿಂದಾದ ಅನ್ಯಾಯವನ್ನು ಹೀಗೆ ನಡೆಸಿಕೊಂಡರು. ಕಪಾಟಿನಲ್ಲಿ ಇಟ್ಟು ಬೀಗ ಹಾಕಲಿಲ್ಲ.

ಸಿರಿಯಾದ ಹೊಸ ಸರಕಾರ ಕನಿಷ್ಠ ಸಮಿತಿ ಮಾಡಿತು, ಸಂಖ್ಯೆ ಹೇಳಿತು, 298 ಶಂಕಿತರನ್ನು ಗುರುತಿಸಿತು. ಅದು ಸಾಕಾಗಲಿಲ್ಲ; ಜುಲೈಯಲ್ಲಿ ಸುವೈದಾದಲ್ಲಿ ದ್ರೂಜ್ ಜನರ ಮೇಲೆ ಮತ್ತೆ ಅದೇ ನಡೆಯಿತು. ಗುಲ್ಬರ್ಗಾದ ಮುಸ್ಲಿಮರಿಗೆ ಆದದ್ದು ಅನ್ಯಾಯ ಅನ್ನುವ ನಾವು ಲಟಾಕಿಯಾದ ಅಲವಿ ಮುದುಕಿಯ ಬಗ್ಗೆ ಬೇರೆ ತಕ್ಕಡಿ ಹಿಡಿಯುವ ಹಾಗಿಲ್ಲ. ಅಖೀದಾದ ಭಿನ್ನತೆ ಅದರ ಜಾಗದಲ್ಲಿ ಇರಲಿ.

ಗೋರ್ಟಾದಲ್ಲಿ 2023ರಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಆಗಬೇಕಾದ್ದೇ. ಸೆಪ್ಟೆಂಬರ್ 17 ಈಗ ಕಲ್ಯಾಣ ಕರ್ನಾಟಕ ಉತ್ಸವ ದಿನ. ಮುಸ್ಲಿಮರೂ ಧ್ವಜದ ಕೆಳಗೆ ನಿಲ್ಲಬೇಕು, ಮತದಾನದ ಹಕ್ಕು ಆ ಸೀಮೆಯ ಎಲ್ಲರಿಗೂ ಬಂದದ್ದು ಆ ಬದಲಾವಣೆಯಿಂದಲೇ. ಅದೇ ದಿನ ಆ ನಂತರದ ವಾರಗಳಲ್ಲಿ ಸತ್ತವರ ಹೆಸರೂ ಕೇಳಬೇಕು. ಹೆಸರು ಹೇಳಬೇಕಾದರೆ ಮೊದಲು ಪಟ್ಟಿ ಬೇಕಲ್ಲ? 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಆಳಂದ, ಅಫಜಲಪುರ, ಜೇವರ್ಗಿಯ ಜಮಾಅತ್‌ಗಳೂ ಮಠಗಳೂ ಕಾಲೇಜಿನ ಮೇಷ್ಟ್ರುಗಳೂ ಸೇರಿ ಊರೂರು ತಿರುಗಿ ಬರೆದುಕೊಳ್ಳಲಿ, ದಖನಿಯಲ್ಲಿ ಹೇಳಿದರೆ ದಖನಿಯಲ್ಲೇ. ರಜಾಕಾರರಿಂದ ಸತ್ತವರ ಹೆಸರು, ಆಮೇಲೆ ಸತ್ತವರ ಹೆಸರು, ಯಾರ ಮನೆಯ ಅಟ್ಟದಲ್ಲಿ ಯಾರು ಎಷ್ಟು ದಿನ ಅಡಗಿದ್ದರು ಅನ್ನುವುದೂ ಅದರಲ್ಲಿ ಬರಲಿ. ಈ ಚಳಿಗಾಲ ಕಳೆಯುವುದರೊಳಗೆ ಶುರು ಮಾಡಿದರೆ ಒಳ್ಳೆಯದು.