ಕೆಸರಲ್ಲಿ ಹೂತ ಜೀಪ್ ಎಳೆಯುವಾಗ ಹಗ್ಗ ಎಲ್ಲಿಗೆ ಕಟ್ಟಬೇಕು? ‘ಗಟ್ಟಿ’ ಕೊಕ್ಕೆಗಳ ಅಸಲಿ ಲೆಕ್ಕ

ಮಳೆಗಾಲ ಶುರುವಾದರೆ ಸಾಕು, ಕೆಸರಲ್ಲಿ ಹೂತ ಜೀಪನ್ನು ಇನ್ನೊಂದು ಜೀಪ್ ಎಳೆದು ಮೇಲಕ್ಕೆ ತರುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಎಂಜಿನ್ ಅಬ್ಬರಿಸುತ್ತದೆ, ಹಗ್ಗ ಒಮ್ಮೆ ಜಗ್ಗುತ್ತದೆ, ಸುತ್ತ ನಿಂತವರು ಕೇಕೆ ಹಾಕುತ್ತಾರೆ, ಗಾಡಿ ದಡ ಸೇರುತ್ತದೆ. ನೋಡುವುದಕ್ಕೆ ಸುಲಭ. ಆದರೆ ಹಗ್ಗದ ಎರಡು ತುದಿಗಳನ್ನು ಯಾವುದಕ್ಕೆ ಸಿಕ್ಕಿಸಿದ್ದಾರೆ ಎಂಬುದು ಅಂಥ ವಿಡಿಯೊಗಳಲ್ಲಿ ಕಾಣುವುದು ಕಡಿಮೆ. ಜೀವಕ್ಕೆ ಅಪಾಯ ಇರುವುದು ಅಲ್ಲೇ.

‘ಗಾಡಿಯಲ್ಲಿ ಕೊಕ್ಕೆ ಇದೆಯಲ್ಲ, ಅದಕ್ಕೇ ಕಟ್ಟಿದರಾಯಿತು’ ಎಂಬ ನಂಬಿಕೆ ವ್ಯಾಪಕವಾಗಿದೆ. ಕೊಡಚಾದ್ರಿಯಂಥ ಜೀಪ್ ಹಾದಿಗಳಲ್ಲಿ, ಮಲೆನಾಡಿನ ತೋಟದ ರಸ್ತೆಗಳಲ್ಲಿ ಓಡಾಡುವವರಿಗೆ ಈ ಪ್ರಶ್ನೆ ಯಾವಾಗ ಬೇಕಾದರೂ ಎದುರಾಗಬಹುದು. ಹಾಗಾಗಿ ಯಾವ ಕೊಕ್ಕೆ ಯಾವುದಕ್ಕೆ, ಸುರಕ್ಷಿತ ರಿಕವರಿ ಪಾಯಿಂಟ್ ಎಂದರೇನು, ಅದನ್ನು ಕೂರಿಸುವಾಗ ಏನೇನು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಒಂದು ಜಗ್ಗಿನಲ್ಲಿ ಎಷ್ಟು ಬಲ?

ಮೊದಲು ಒಂದು ಸರಳ ಲೆಕ್ಕ ಹಾಕೋಣ. 2 ಟನ್ ತೂಕದ ಜೀಪ್ ಗಂಟೆಗೆ 10 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತಿದೆ. ಅದರಲ್ಲಿರುವ ಚಲನ ಶಕ್ತಿ ಸುಮಾರು 7,700 ಜೂಲ್. 140 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲಿ ಇರುವುದು ಸುಮಾರು 120 ಜೂಲ್. ಅಂದರೆ ಸೈಕಲ್ ವೇಗದ ಜೀಪಿನಲ್ಲಿ ಅರವತ್ತಕ್ಕೂ ಹೆಚ್ಚು ವೇಗದ ಎಸೆತಗಳಷ್ಟು ಶಕ್ತಿ ಅಡಗಿದೆ. ವೇಗ 20 ಕಿ.ಮೀ. ಆದರೆ ಈ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಈಗ ಹಗ್ಗ ಬಿಗಿಯಾಗಿ ಆ ಜೀಪನ್ನು ತಡೆಯಿತು ಎಂದುಕೊಳ್ಳಿ. 9 ಮೀಟರ್ ಉದ್ದದ, ಹಿಗ್ಗುವ ನೈಲಾನ್ ಪಟ್ಟಿಯಾದರೆ ಅದು ಶೇ 20ರಷ್ಟು, ಅಂದರೆ 1.8 ಮೀಟರ್ ಹಿಗ್ಗಿ ಜೀಪನ್ನು ಮೆತ್ತಗೆ ನಿಲ್ಲಿಸುತ್ತದೆ. ಆಗ ಕೊಕ್ಕೆಯ ಮೇಲೆ ಬೀಳುವ ಗರಿಷ್ಠ ಬಲ ಒಂದು ಟನ್ನಿನೊಳಗೇ ಇರುತ್ತದೆ. ಅದೇ ಕಬ್ಬಿಣದ ಸರಪಳಿ ಕಟ್ಟಿ, ಎಲ್ಲ ಸೇರಿ 10 ಸೆಂ.ಮೀ. ಮಾತ್ರ ಜಗ್ಗಿದರೆ? ಅದೇ ಜೀಪ್, ಅದೇ ವೇಗ, ಆದರೆ ಬಲ ಸುಮಾರು 15 ಟನ್! ಎಂಜಿನ್ನಿನ ಎಳೆತ ಇದರ ಮೇಲೆ ಬೇರೆ. ‘ಸರಪಳಿ ಹಗ್ಗಕ್ಕಿಂತ ಗಟ್ಟಿ, ಆದ್ದರಿಂದ ಸುರಕ್ಷಿತ’ ಎಂಬ ಮಾತು ಹುಸಿಯಾಗುವುದು ಇಲ್ಲಿ. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ನಿಧಾನವಾಗಿ ಒಂದೇ ಸಮ ಎಳೆಯುವುದು ಬೇರೆ, ಓಡಿ ಬಂದು ಜಗ್ಗುವುದು ಬೇರೆ.

ಹೂತ ಗಾಡಿಯೂ ಸುಲಭಕ್ಕೆ ಬಿಡುವುದಿಲ್ಲ. ಅಮೆರಿಕದ ಸೇನೆಯ ವಾಹನ ರಿಕವರಿ ಕೈಪಿಡಿಗಳಲ್ಲಿ ಒಂದು ಅಂದಾಜು ಇದೆ. ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಎಳೆತ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ತೂಕದ ಎರಡು ಪಟ್ಟು, ಕ್ಯಾಬಿನ್ ಮಟ್ಟಕ್ಕಾದರೆ ಮೂರು ಪಟ್ಟು. ಕೆಸರಿನ ಹೀರುವಿಕೆಯೇ ಇದಕ್ಕೆ ಕಾರಣ.

ಕೊಕ್ಕೆಯಂತೆ ಕಾಣುವುದೆಲ್ಲ ಕೊಕ್ಕೆಯಲ್ಲ

*ನಂಬಿಕೆ 1: ಹಿಂದಿನ ಟೋ ಬಾಲ್ ಗಟ್ಟಿ, ಅದಕ್ಕೆ ಕಟ್ಟಬಹುದು.*
ಇದು ಎಲ್ಲಕ್ಕಿಂತ ಅಪಾಯಕಾರಿ. ಟ್ರೇಲರನ್ನು ರಸ್ತೆಯ ಮೇಲೆ ಸರಾಗವಾಗಿ ಎಳೆಯಲು ಮಾಡಿದ ಗುಂಡು ಅದು. ಜಗ್ಗಿದಾಗ ಅದರ ಕುತ್ತಿಗೆ ಮುರಿಯಬಹುದು. ಆಗ ಹಿಗ್ಗಿದ ಹಗ್ಗ ಕವಣೆಯಂತೆ ಕೆಲಸ ಮಾಡಿ, ಆ ಕಬ್ಬಿಣದ ಗುಂಡನ್ನು ಗಾಜು ಒಡೆದು ಒಳಗೆ ಕುಳಿತವರತ್ತ ಹಾರಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಸಾವುಗಳು ಸಂಭವಿಸಿವೆ.

*ನಂಬಿಕೆ 2: ಗಾಡಿಯಡಿಯ ಬಳೆ ಕಂಪನಿಯೇ ಕೊಟ್ಟಿದ್ದು, ಎಳೆಯಲಿಕ್ಕೇ ಇದೆ.*
ಕೆಳಗೆ ಕಾಣುವ ತೆಳು ಬಳೆಗಳು ಅನೇಕ ಗಾಡಿಗಳಲ್ಲಿ ಲಾರಿ ಅಥವಾ ಹಡಗಿನ ಮೇಲೆ ಸಾಗಿಸುವಾಗ ಅಲುಗಾಡದಂತೆ ಬಿಗಿಯಲು ಇರುವಂಥವು. ಜಗ್ಗುವ ಬಲಕ್ಕೆ ಅವು ಹೇಳಿ ಮಾಡಿಸಿದವಲ್ಲ.

*ನಂಬಿಕೆ 3: ಬಂಪರಿಗೆ ತಿರುಗಿಸಿ ಕೂರಿಸುವ ಟೋ ಐ ಸಾಕು.*
ಕೆಟ್ಟು ನಿಂತ ಗಾಡಿಯನ್ನು ರಸ್ತೆಯಲ್ಲಿ ನೇರವಾಗಿ ಎಳೆದೊಯ್ಯಲು ಅದು ಸಾಕು. ಕೆಸರಿನಿಂದ ಓರೆಯಾಗಿ ಜಗ್ಗಿದರೆ ಬಾಗುತ್ತದೆ, ಮುರಿಯಲೂಬಹುದು.

*ನಂಬಿಕೆ 4: ಬುಲ್ ಬಾರಿಗೆ ಕಟ್ಟಿದರೂ ನಡೆಯುತ್ತದೆ.*
ಅಂದಕ್ಕೆ ಹಾಕಿಸಿದ ಪೈಪುಗಳು ಎಳೆತಕ್ಕಲ್ಲ. ಅವು ಗಾಡಿಯಲ್ಲಿ ಇರಬಾರದ್ದೂ ಹೌದು. 2017ರ ಡಿಸೆಂಬರಿನಲ್ಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತ್ತು. ಆಕ್ಸೆಲ್, ಸ್ಟಿಯರಿಂಗ್ ರಾಡ್, ಸಸ್ಪೆನ್ಷನ್‌ಗಳಿಗೂ ಹಗ್ಗ ಕಟ್ಟಿ ಜಗ್ಗಬೇಡಿ. ಗಾಡಿ ಮೇಲೆ ಬಂದರೂ ಅಲೈನ್‌ಮೆಂಟ್, ಬ್ರೇಕ್ ಪೈಪ್ ಹಾಳಾಗಬಹುದು.

ಹಾಗಾದರೆ ರಿಕವರಿ ಪಾಯಿಂಟ್ ಎಂದರೇನು?

ಹೂತ ಗಾಡಿಯನ್ನು ಎಳೆಯುವುದಕ್ಕೆಂದೇ ತಯಾರಿಸಿ, ಎಷ್ಟು ಭಾರ ತಡೆಯುತ್ತದೆಂದು ಪರೀಕ್ಷಿಸಿ, ನೇರವಾಗಿ ಚಾಸಿಗೆ ಬಿಗಿದ ದಪ್ಪ ಉಕ್ಕಿನ ತುಂಡೇ ರಿಕವರಿ ಪಾಯಿಂಟ್. ಥಾರ್, ಗೂರ್ಖಾ, ಜಿಮ್ನಿ, ಫಾರ್ಚೂನರ್‌ನಂಥ ಗಾಡಿಗಳಿಗೆ ಏಣಿಯಾಕಾರದ ಪ್ರತ್ಯೇಕ ಚಾಸಿ ಇರುವುದರಿಂದ ಕೂರಿಸಲು ಗಟ್ಟಿ ಜಾಗ ಸಿಗುತ್ತದೆ. ಪ್ರತ್ಯೇಕ ಚಾಸಿ ಇಲ್ಲದ, ಬಾಡಿಯೇ ಆಧಾರವಾಗಿರುವ ಎಸ್‌ಯುವಿಗಳಲ್ಲಿ ಹೊರಗಿನಿಂದ ಕೊಕ್ಕೆ ಹಾಕಿಸುವ ಸಾಹಸ ಬೇಡ. ಕಂಪನಿ ತೋರಿಸಿದ ಜಾಗವನ್ನು ಮಾತ್ರ, ಮೆಲ್ಲಗೆ ಎಳೆಯಲು ಬಳಸಿ.

ಕೆಲವು ಗಾಡಿಗಳಿಗೆ ಕಂಪನಿಯೇ ಸರಿಯಾದ ರಿಕವರಿ ಪಾಯಿಂಟ್ ಕೊಟ್ಟಿರುತ್ತದೆ. ಹೊಸತು ಕೊಳ್ಳುವ ಮೊದಲು ಮಾಲೀಕರ ಕೈಪಿಡಿ ತೆರೆದು ನೋಡಿ.

ಕೂರಿಸುವಾಗ ನೋಡಬೇಕಾದ್ದು

ನಿಮ್ಮ ಮಾಡೆಲಿಗೇ ಮಾಡಿದ್ದಿರಲಿ. ‘ಎಲ್ಲ ಗಾಡಿಗೂ ಆಗುತ್ತದೆ’ ಎಂದು ಮಾರುವ ಕೊಕ್ಕೆ ಚಾಸಿಯ ತೂತುಗಳಿಗೆ ಸರಿಯಾಗಿ ಹೊಂದುವುದಿಲ್ಲ. ಒಳ್ಳೆಯ ಪಾಯಿಂಟ್ ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳನ್ನೇ ಬಳಸುತ್ತದೆ. ಒಂದಕ್ಕಿಂತ ಹೆಚ್ಚು ಬೋಲ್ಟ್‌ಗಳು ಭಾರ ಹಂಚಿಕೊಳ್ಳುತ್ತವೆ.

ಬೋಲ್ಟಿನ ತಲೆ ಓದಿ. ಬೋಲ್ಟಿನ ತಲೆಯ ಮೇಲೆ 4.6, 8.8, 10.9 ಎಂಬ ಅಂಕಿಗಳಿರುತ್ತವೆ. ಚುಕ್ಕಿಗೆ ಮೊದಲಿನ ಅಂಕಿಯನ್ನು ನೂರರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರ್ ಉಕ್ಕು ಎಷ್ಟು ನ್ಯೂಟನ್ ಎಳೆತ ತಡೆಯುತ್ತದೆಂದು ತಿಳಿಯುತ್ತದೆ. 4.6 ಬೋಲ್ಟ್ 400, 8.8 ಬೋಲ್ಟ್ 800. ನೋಡಲು ಎರಡೂ ಒಂದೇ ಥರ, ಬಲ ಮಾತ್ರ ಅರ್ಧಕ್ಕರ್ಧ. ಕಿಟ್ ಜೊತೆ ಬಂದ ಬೋಲ್ಟ್ ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಯಿಂದ ‘ಅದೇ ಸೈಜಿನದು’ ತಂದು ಹಾಕಬೇಡಿ. ಅದೇ ಗ್ರೇಡಿನದೇ ಬೇಕು.

ಟಾರ್ಕ್ ರೆಂಚ್ ಬಳಸಲು ಹೇಳಿ. ತಯಾರಕರು ಹೇಳಿದಷ್ಟೇ ಬಿಗಿ ಇರಬೇಕು. ಸಡಿಲವಾದರೆ ಬೋಲ್ಟ್ ಅಲುಗಾಡಿ ಸವೆಯುತ್ತದೆ, ಅತಿಯಾದರೆ ಎಳೆಯುವ ಮೊದಲೇ ಹಿಗ್ಗಿರುತ್ತದೆ. ಕೆಲವು ನೂರು ಕಿಲೊಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಚಾಸಿಗೆ ವೆಲ್ಡಿಂಗ್ ಬೇಡ. ‘ಒಂದು ಹುಕ್ ವೆಲ್ಡ್ ಮಾಡಿಕೊಟ್ಟರೆ ಮುಗೀತು’ ಎನ್ನುವವರು ಸಿಗುತ್ತಾರೆ. ಬೆಸುಗೆಯ ಕಾವಿಗೆ ಚಾಸಿಯ ಉಕ್ಕು ಆ ಜಾಗದಲ್ಲಿ ತನ್ನ ಗುಣ ಕಳೆದುಕೊಳ್ಳಬಹುದು. ಬೆಸುಗೆ ಒಳಗೆ ಎಷ್ಟು ಗಟ್ಟಿ ಎಂಬುದು ಕಣ್ಣಿಗೆ ಕಾಣುವುದೂ ಇಲ್ಲ.

ಎರಡೆರಡು ಇರಲಿ. ಮುಂದೆ ಎಡಕ್ಕೊಂದು, ಬಲಕ್ಕೊಂದು ಪಾಯಿಂಟ್ ಇದ್ದರೆ, ಎರಡಕ್ಕೂ ಒಂದು ಅಡ್ಡಪಟ್ಟಿ ಹಾಕಿ ಅದರ ನಡುವಿನಿಂದ ಎಳೆಯಬಹುದು. ಭಾರ ಹಂಚಿಹೋಗುತ್ತದೆ. ಆದರೆ ಪಟ್ಟಿ ಉದ್ದವಾಗಿರಲಿ. ಎರಡು ಕಾಲುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಪ್ರತಿ ಕಡೆಗೆ ಒಟ್ಟು ಎಳೆತದ ಶೇ 58ರಷ್ಟು ಬೀಳುತ್ತದೆ. ಕೋನ 120 ಡಿಗ್ರಿಗೆ ಅಗಲವಾದರೆ ಪ್ರತಿ ಕಡೆಗೂ ಪೂರ್ತಿ ಶೇ 100 ಬೀಳುತ್ತದೆ. ಆಗ ಹಂಚಿದ್ದರಿಂದ ಲಾಭವೇ ಇಲ್ಲ.

ಅಂಕಿಯ ಅರ್ಥ ಕೇಳಿ. ಪಾಯಿಂಟ್ ಮೇಲೆ ‘5 ಟನ್’ ಎಂದು ಬರೆದಿದ್ದರೆ, ಅದು ದಿನವೂ ಹಾಕಬಹುದಾದ ಭಾರವೇ ಅಥವಾ ಮುರಿಯುವ ಭಾರವೇ ಎಂದು ಮಾರುವವರನ್ನು ಕೇಳಿ. ಎರಡಕ್ಕೂ ಅಜಗಜಾಂತರ. ಅಂಕಿಯೇ ಇಲ್ಲದಿದ್ದರೆ ಕೊಳ್ಳಲೇಬೇಡಿ.

ಮೊದಲು ಮುರಿಯಬೇಕಾದ್ದು ಯಾವುದು?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಎರಡು ಗಾಡಿಗಳ ನಡುವೆ ಇರುವುದು ಒಂದು ಸರಣಿ: ಪಾಯಿಂಟ್, ಶ್ಯಾಕಲ್, ಪಟ್ಟಿ, ಮತ್ತೆ ಶ್ಯಾಕಲ್, ಮತ್ತೆ ಪಾಯಿಂಟ್. ಬಲ ಮಿತಿ ಮೀರಿದರೆ ಇವುಗಳಲ್ಲಿ ಅತಿ ದುರ್ಬಲವಾದದ್ದು ಸೋಲುತ್ತದೆ. ಸೋಲಲೇಬೇಕಾದರೆ ಅದು ಬಟ್ಟೆಯ ಪಟ್ಟಿಯಾಗಿರಲಿ, ಕಬ್ಬಿಣ ಆಗಬಾರದು. ಪಟ್ಟಿಯೊಂದೇ ಹರಿದರೂ ಏಟು ಬೀಳುತ್ತದೆ, ನಿಜ. ಆದರೆ ಅದರ ತುದಿಯಲ್ಲಿ ಕಬ್ಬಿಣದ ತುಂಡು ಸೇರಿದರೆ ಅದು ಗುಂಡಾಗುತ್ತದೆ.

ಆಸ್ಟ್ರೇಲಿಯಾ 2010ರಲ್ಲಿ ರಿಕವರಿ ಪಟ್ಟಿಗಳ ಮೇಲೆ ಎಚ್ಚರಿಕೆ ಬರಹಗಳನ್ನು ಕಡ್ಡಾಯ ಮಾಡಿತು. ಅದರ ಪ್ರಕಾರ ಪಟ್ಟಿ ಹರಿಯುವ ಬಲ, ಸಾಮಾನು–ಜನ ಸೇರಿದ ಗಾಡಿಯ ಗರಿಷ್ಠ ತೂಕದ 2ರಿಂದ 3 ಪಟ್ಟು ಇರಬೇಕು. 2.5 ಟನ್ ಗಾಡಿಗೆ 5ರಿಂದ 7.5 ಟನ್ನಿನ ಪಟ್ಟಿ. ಅದಕ್ಕಿಂತ ದಪ್ಪದ್ದು ತಂದರೆ ಅದು ಹಿಗ್ಗುವುದಿಲ್ಲ, ಸರಪಳಿಯಂತೆ ವರ್ತಿಸುತ್ತದೆ. ಪಾಯಿಂಟ್ ಮತ್ತು ಶ್ಯಾಕಲ್ ಎರಡೂ ಈ ಪಟ್ಟಿಗಿಂತ ಬಲವಾಗಿರಬೇಕು. ಹೆಚ್ಚಾಗಿ ಬಳಸುವ 4.75 ಟನ್ ಗುರುತಿನ, 19 ಮಿ.ಮೀ. ಬೋ ಶ್ಯಾಕಲ್ ಒಳ್ಳೆಯ ತಯಾರಿಯದಾದರೆ ಅದರ ಹಲವು ಪಟ್ಟು ಭಾರಕ್ಕೆ ಮಾತ್ರ ಮುರಿಯುತ್ತದೆ. ಗುರುತೇ ಇಲ್ಲದ ಅಗ್ಗದ ಶ್ಯಾಕಲ್‌ಗೆ ಈ ಭರವಸೆ ಇಲ್ಲ. ನಾರಿನ ಸಾಫ್ಟ್ ಶ್ಯಾಕಲ್ ಹಗುರ, ಆದರೆ ಪಾಯಿಂಟಿನ ಅಂಚು ಚೂಪಾಗಿದ್ದರೆ ಕತ್ತರಿಸಿಹೋಗುತ್ತದೆ.

ಎಳೆಯುವ ಮುನ್ನ

• ಮೊದಲು ಸಲಿಕೆ ಹಿಡಿಯಿರಿ. ಚಕ್ರದ ಮುಂದಿನ ಮಣ್ಣು ತೆಗೆದು, ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಬೇಕಾಗುವ ಬಲ ಎಷ್ಟೋ ಕಡಿಮೆಯಾಗುತ್ತದೆ. ಅನೇಕ ಸಲ ಹಗ್ಗವೇ ಬೇಕಾಗುವುದಿಲ್ಲ.
• ಎರಡೂ ಗಾಡಿಗಳಲ್ಲಿ ಸರಿಯಾದ ಪಾಯಿಂಟ್ ಇದೆಯೇ ನೋಡಿ. ಒಂದರಲ್ಲಿ ಮಾತ್ರ ಇದ್ದರೆ ಅಪಾಯ ಹಾಗೇ ಉಳಿಯುತ್ತದೆ.
• ಎರಡು ಪಟ್ಟಿಗಳನ್ನು ಶ್ಯಾಕಲ್ ಹಾಕಿ ಜೋಡಿಸಬೇಡಿ. ನಡುವೆ ಕಬ್ಬಿಣ ಇರಲೇಬಾರದು.
• ಪಟ್ಟಿಯ ಮೇಲೆ ಒದ್ದೆ ಗೋಣಿಚೀಲ, ಕಂಬಳಿ ಅಥವಾ ಡ್ಯಾಂಪರ್ ಹಾಕಿ. ಹರಿದರೆ ಹಾರುವ ವೇಗ ತಗ್ಗುತ್ತದೆ.
• ನೋಡುವವರು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಲಿ. 9 ಮೀಟರ್ ಪಟ್ಟಿಗೆ 13.5 ಮೀಟರ್. ಪಟ್ಟಿಯ ನೇರಕ್ಕೆ ಯಾರೂ ನಿಲ್ಲಬಾರದು, ವಿಡಿಯೊ ಮಾಡುವವರು ಸಹ.
• ಮುಗಿದ ಮೇಲೆ ಪಾಯಿಂಟ್ ನೋಡಿ. ತೂತು ಉದ್ದವಾಗಿದ್ದರೆ, ಸುತ್ತಲಿನ ಬಣ್ಣ ಬಿರಿದಿದ್ದರೆ, ಬೋಲ್ಟ್ ಬಾಗಿದ್ದರೆ ಅದನ್ನು ಬದಲಿಸಿ.

ಸರಿಯಾದ ಪಾಯಿಂಟ್ ಇಲ್ಲ ಎಂದಾದರೆ ಜಗ್ಗದೆ ಕಾಯುವುದೂ ಒಂದು ದಾರಿ. ಟ್ರ್ಯಾಕ್ಟರ್ ಬರುವವರೆಗೆ ಒಂದೆರಡು ಗಂಟೆ ಹೋಗಬಹುದು, ಬಟ್ಟೆ ಕೆಸರಾಗಬಹುದು. ಅದರಿಂದ ಯಾರ ಜೀವವೂ ಹೋಗುವುದಿಲ್ಲ. ಮುಂದಿನ ಬಾರಿ ಅಂಥ ವಿಡಿಯೊ ನಿಮ್ಮ ಗ್ರೂಪಿಗೆ ಬಂದಾಗ, ಹಗ್ಗದ ತುದಿಗಳು ಎಲ್ಲಿವೆ, ಜನ ಎಷ್ಟು ದೂರ ನಿಂತಿದ್ದಾರೆ ಎಂಬುದನ್ನು ಗಮನಿಸಿ. ಟೋ ಬಾಲಿಗೆ ಕಟ್ಟಿದ್ದು ಕಂಡರೆ, ಅದನ್ನು ಮುಂದೆ ಕಳಿಸುವಾಗ ‘ಹೀಗೆ ಕಟ್ಟಬೇಡಿ’ ಎಂಬ ಒಂದು ಸಾಲನ್ನೂ ಸೇರಿಸಿ.