ವೃದ್ಧರ ಪಿಂಚಣಿ ಯಾರ ಸ್ವತ್ತು?



ಕಳೆದ ನವೆಂಬರಿನಲ್ಲಿ ನನ್ನ ತೊಗರಿ ಅಡತಿ ಅಂಗಡಿಗೆ ಹಿರಿಯ ಶ್ರಾವಕರೊಬ್ಬರು ಬಂದು ಕುಳಿತರು. ರೈಲ್ವೆಯಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ದುಡಿದು ನಿವೃತ್ತರಾದವರು; ಜಿನದರ್ಶನವಾಗದೆ ಅನ್ನ ಮುಟ್ಟದವರು. ಜೀವಿತ ಪ್ರಮಾಣಪತ್ರವನ್ನು ಸಲ್ಲಿಸುವ ಬಗೆ ಹೇಗೆಂದು ಕೇಳಿದರು. ಪಾಸುಬುಕ್ಕು ಎಲ್ಲಿದೆ ಎಂದೆ. ಮಗನ ಹತ್ತಿರ ಇದೆ ಎಂದರು. ಎಟಿಎಂ ಕಾರ್ಡು? ಅದೂ ಅವನ ಹತ್ತಿರವೇ. ತಿಂಗಳಿಗೆ ಎಷ್ಟು ಜಮೆಯಾಗುತ್ತದೆ ಎಂಬುದು ಅವರಿಗೆ ತಿಳಿಯದು. ಕಣ್ಣಿನ ಔಷಧಿಗೆ ಇನ್ನೂರು ರೂಪಾಯಿ ಬೇಕಾದರೂ ಸೊಸೆಯ ಮುಖ ನೋಡಬೇಕು. "ಸಾಹುಕಾರ್ರೇ, ಈ ವಯಸ್ಸಿನಲ್ಲಿ ಅಪರಿಗ್ರಹ ಇರಬೇಕಂತ ಮಗನೇ ಹೇಳತಾನ" ಎಂದು ನಕ್ಕರು. ಆ ನಗೆ ನನ್ನನ್ನು ಈ ಲೇಖನ ಬರೆಯಲು ಹಚ್ಚಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಊರುಗಳಲ್ಲಿ ನಮ್ಮ ಮನೆಗಳು ಬಹಳವಿಲ್ಲ. ಆದುದರಿಂದಲೇ ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ತಿಳಿಯುತ್ತದೆ. ತಿಳಿದೂ ನಾವು ಸುಮ್ಮನಿರುತ್ತೇವೆ. ವೃದ್ಧರ ಹಣವನ್ನು ಅವರ ಕೈಯಿಂದ ತೆಗೆದುಕೊಂಡು ಅದಕ್ಕೆ ಧರ್ಮದ ಹೆಸರಿಡುವುದು ಅಧರ್ಮ. ಇದನ್ನು ಮೃದುವಾದ ಮಾತಿನಲ್ಲಿ ಹೇಳಲು ನನಗೆ ಬಾರದು.

ಮೊದಲು ಶಾಸ್ತ್ರವನ್ನೇ ನೋಡೋಣ. ಗೃಹಸ್ಥನಿಗೆ ಹೇಳಿದ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಪರಿಮಾಣವೆಂದರೆ ಮಿತಿ. ಆ ಮಿತಿಯನ್ನು ಹಾಕಿಕೊಳ್ಳುವವನು ವ್ರತಿಯೇ ಹೊರತು ಅವನ ಮಗನಲ್ಲ, ಅಳಿಯನಲ್ಲ, ಬಸದಿಯ ಟ್ರಸ್ಟಿಯೂ ಅಲ್ಲ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಪರಿಗ್ರಹತ್ಯಾಗ ಬರುವುದು ಒಂಬತ್ತನೆಯದಾಗಿ. ಎಂಟು ಮೆಟ್ಟಿಲುಗಳನ್ನು ಸ್ವಂತ ಮನಸ್ಸಿನಿಂದ ಏರಿದವನು ಆ ಒಂಬತ್ತನೆಯದನ್ನು ಏರುತ್ತಾನೆ. ಯಾರೋ ಹಿಂದಿನಿಂದ ನೂಕಿದರೆ ಅದು ತ್ಯಾಗವಾಗದು. ಕೊಡದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಆಚಾರ್ಯರು ಇಟ್ಟ ಹೆಸರು ಅದತ್ತಾದಾನ, ಅಂದರೆ ಸ್ತೇಯ. ತಂದೆಯ ಪಾಸುಬುಕ್ಕು ಮಗನ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಈ ಹೆಸರು ಬದಲಾಗುವುದಿಲ್ಲ.

ಸೇಡಂ ತಾಲೂಕಿನ ಮಳಖೇಡವನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಕಾಗಿಣಾ ತೀರದ ಆ ಮಾನ್ಯಖೇಟದಲ್ಲಿ ಆಳಿದ ಅಮೋಘವರ್ಷ ನೃಪತುಂಗನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಪರಂಪರೆ ಹೇಳುತ್ತದೆ. ತ್ಯಜಿಸಿದವನು ಅವನೇ, ಯಾರೂ ಕಿತ್ತುಕೊಳ್ಳಲಿಲ್ಲ. ಅವನ ಕಾಲದಲ್ಲಿಯೇ ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳಿವೆ. ಹಣದ ಲೆಕ್ಕ ಬಲ್ಲವನಾಗಿರುವುದು ಧರ್ಮಕ್ಕೆ ವಿರುದ್ಧವೆಂದು ಆ ಜೈನ ಗಣಿತಜ್ಞರು ಭಾವಿಸಲಿಲ್ಲ. ನಾವು ಮಾತ್ರ ಹಿರಿಯರಿಗೆ ಅದು ಹೊಲಸು ಎಂದು ಬೋಧಿಸುತ್ತಿದ್ದೇವೆ.

"ಕೂಡುಕುಟುಂಬದಲ್ಲಿ ಬೇರೆ ಲೆಕ್ಕವೇಕೆ?" ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಪ್ರೀತಿಯೂ ಇರಬಹುದು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾವು ವ್ಯಾಪಾರಿಗಳು. ಅಣ್ಣತಮ್ಮಂದಿರು ಕೂಡಿ ನಡೆಸುವ ಅಂಗಡಿಯಲ್ಲಿಯೂ ಖಾತಾವಹಿಯಲ್ಲಿ ಒಬ್ಬೊಬ್ಬರ ಬಂಡವಾಳದ ಖಾತೆ ಬೇರೆಯೇ ಇರುತ್ತದೆ. ಅದನ್ನು ಯಾರೂ ಒಡಕೆಂದು ಕರೆಯುವುದಿಲ್ಲ. ತಂದೆಯ ಖಾತೆ ತಂದೆಯ ಕೈಯಲ್ಲಿರಲಿ. ಮನೆಯ ಖರ್ಚಿಗೆ ತಮ್ಮ ಪಾಲನ್ನು ಅವರೇ ಕೊಡಲಿ. ಹಾಗೆ ಕೊಟ್ಟದ್ದರಲ್ಲಿ ಅವರ ಗೌರವವೂ ಉಳಿಯುತ್ತದೆ.

ನಮ್ಮ ಭಾಗದಲ್ಲಿ ಈ ವಿಷಯ ಇನ್ನಷ್ಟು ತೊಡಕಿನದು, ಏಕೆಂದರೆ ನಾವು ಗಡಿಯ ಜನ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ಎರಡು ಸಲವೂ ಪಿಂಚಣಿಯ ಹೊಣೆಯನ್ನು ರಾಜ್ಯಗಳ ನಡುವೆ ಹಂಚಲು ಕಾಯಿದೆಯಲ್ಲಿಯೇ ಏರ್ಪಾಡು ಮಾಡಬೇಕಾಯಿತು. ಸರ್ಕಾರಗಳು ತಮ್ಮ ಹೊಣೆಯನ್ನು ಹಂಚಿಕೊಂಡವು. ಬೀಗತನ ಮಾತ್ರ ಗಡಿಯನ್ನು ಕೇಳಲಿಲ್ಲ. ತಾಂಡೂರಿನಲ್ಲಿ ಶಿಕ್ಷಕರಾಗಿದ್ದವರು ನಿವೃತ್ತರಾಗಿ ಸೇಡಮಿನ ಮಗಳ ಮನೆಯಲ್ಲಿರಬಹುದು. ಅವರ ಪಿಂಚಣಿ ಆ ರಾಜ್ಯದ ಖಜಾನೆಯದು, ಅವರ ಬದುಕು ಈ ರಾಜ್ಯದ್ದು. ವಾಡಿ ಜಂಕ್ಷನ್ನಿನಲ್ಲಿ ಮಧ್ಯ ರೈಲ್ವೆ ಮತ್ತು ದಕ್ಷಿಣ ಮಧ್ಯ ರೈಲ್ವೆ ಎರಡೂ ಕೂಡುತ್ತವೆ; ಒಂದೇ ಓಣಿಯ ಇಬ್ಬರು ನಿವೃತ್ತರ ಕಾಗದಗಳು ಬೇರೆ ಬೇರೆ ಕಚೇರಿಗಳಲ್ಲಿರುತ್ತವೆ. ಹೀಗಿರುವಾಗ ಪಿಂಚಣಿ ಆದೇಶ ಪತ್ರ ಎಲ್ಲಿದೆ, ಅದರಲ್ಲಿ ಹೆಂಡತಿಯ ಹೆಸರು ಹಾಗೂ ಜನ್ಮದಿನಾಂಕ ಆಧಾರ್‌ನಲ್ಲಿ ಇರುವಂತೆಯೇ ಇವೆಯೇ ಎಂಬುದನ್ನು ಯಜಮಾನರು ಬದುಕಿರುವಾಗಲೇ ನೋಡದಿದ್ದರೆ, ನಾಳೆ ವಿಧವೆಯಾದ ತಾಯಿ ಕುಟುಂಬ ಪಿಂಚಣಿಗಾಗಿ ಎರಡು ರಾಜ್ಯಗಳ ಬಾಗಿಲು ಕಾಯಬೇಕಾಗುತ್ತದೆ.

ಶಹಾಬಾದ, ವಾಡಿ, ಸೇಡಮಿನ ಸಿಮೆಂಟು ಕಾರ್ಖಾನೆಗಳ ಲೆಕ್ಕಪತ್ರ ವಿಭಾಗಗಳಲ್ಲಿ ದುಡಿದವರ ಸ್ಥಿತಿ ಬೇರೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 6,500 ರೂಪಾಯಿ ಸಂಬಳದ ಮಿತಿಯಲ್ಲಿ 14 ವರ್ಷ ಸೇವೆ ಮಾಡಿದವರಿಗೆ ತಿಂಗಳಿಗೆ ಬರುವುದು 1,300 ರೂಪಾಯಿ. 2014ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತವಾದರೋ 1,000 ರೂಪಾಯಿ. ಇಷ್ಟು ಸಣ್ಣ ಹಣವನ್ನೂ ಹಿರಿಯರ ಕೈಯಲ್ಲಿ ಉಳಿಸಲಾರದ ಮನೆಯವರು ಪಂಚಕಲ್ಯಾಣದಲ್ಲಿ ಸವಾಲು ಕೂಗಿ ಸಾವಿರಗಳನ್ನು ಸುರಿಯುವುದನ್ನು ನೋಡಿದಾಗ ನಾಚಿಕೆಯಾಗುತ್ತದೆ.

ವಿದೇಶದಲ್ಲಿ ದುಡಿದು ಹಿಂದಿರುಗುವವರೂ ಈಗ ನಮ್ಮಲ್ಲಿದ್ದಾರೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿಯನ್ನು ಪಡೆದು ಭಾರತದಲ್ಲಿ ನೆಲೆಸಿದವರಿಗೆ ಅಲ್ಲಿಯವರಿಗೆ ಸಿಗುವ ವಾರ್ಷಿಕ ಏರಿಕೆ ಸಿಗುವುದಿಲ್ಲ. ಮೊದಲು ನಿಗದಿಯಾದ ಮೊತ್ತವೇ ನಿಂತುಬಿಡುತ್ತದೆ. ಹಿಂದಿರುಗುವ ಮುನ್ನವೇ ಇದನ್ನು ಲೆಕ್ಕ ಹಾಕಬೇಕು. ಪೌಂಡು ಬರುತ್ತದೆಯೆಂಬ ಮಾತಿಗೆ ಮರುಳಾಗಿ ಇದ್ದುದನ್ನೆಲ್ಲ ಮಕ್ಕಳಿಗೆ ಹಂಚಿ ಬರಬಾರದು.

ಇನ್ನು ನುಂಗಲಾರದ ಒಂದು ಮಾತು. ಹಿರಿಯರು ತೀರಿಕೊಂಡ ಮೇಲೆಯೂ ಸುದ್ದಿ ಮುಟ್ಟಿಸದೆ ಕಾರ್ಡಿನಿಂದ ಪಿಂಚಣಿ ತೆಗೆಯುವ ಆಸೆ, ಖಜಾನೆ ಬೇರೆ ರಾಜ್ಯದಲ್ಲಿದ್ದಾಗ, ಸುಲಭವಾಗಿ ಹುಟ್ಟುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಹೆಸರಿಸಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಪಡೆಯುವುದು ಎಂದು ನಾನು ಅದನ್ನು ತಿಳಿಯುತ್ತೇನೆ. ಸತ್ತ ತಂದೆಯ ಹೆಸರಿನಲ್ಲಿ ಹಣ ತೆಗೆದು ಅದರಿಂದಲೇ ಅವರ ಪುಣ್ಯತಿಥಿಗೆ ಪೂಜೆ ಮಾಡಿಸಿದರೆ ಪುಣ್ಯ ಯಾರಿಗೆ?

ಬಸದಿಗಳ ಟ್ರಸ್ಟಿಗಳಿಗೂ ಒಂದೆರಡು ಮಾತು. ನಿವೃತ್ತರಿಗೆ ಗ್ರ್ಯಾಚುಟಿ ಬಂದ ಸುದ್ದಿ ಕೇಳಿದೊಡನೆ ರಸೀದಿ ಪುಸ್ತಕ ಹಿಡಿದು ಮನೆಗೆ ಹೋಗುವ ಪದ್ಧತಿಯನ್ನು ಬಿಡಿ. ಜೀವನಕ್ಕೂ ಔಷಧಕ್ಕೂ ತೆಗೆದಿಟ್ಟು ಉಳಿದುದರಲ್ಲಿ ಪ್ರಸನ್ನಚಿತ್ತದಿಂದ ಕೊಟ್ಟದ್ದೇ ದಾನ. ಬಡ್ಡಿ ಕೊಡುತ್ತೇವೆಂದು ಹಿರಿಯರಿಂದ ಠೇವಣಿ ಇರಿಸಿಕೊಳ್ಳುವ ಯೋಚನೆಯನ್ನಂತೂ ಮಾಡಲೇಬೇಡಿ. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕಾಯಿದೆ 2019ರಲ್ಲಿಯೇ ಬಂದಿದೆ. ಹೆಚ್ಚಿನ ಬಡ್ಡಿಯ ಆಸೆ ತೋರಿಸುವ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಬ್ಯಾಂಕುಗಳಿಗಿರುವ ವಿಮೆಯ ರಕ್ಷಣೆ ಇಲ್ಲವೆಂಬುದನ್ನು ಸಭೆಯಲ್ಲಿ ತಿಳಿಸಿ. ಬ್ಯಾಂಕಿನಲ್ಲಿಯೂ ಆ ವಿಮೆ 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಸಹಿತ 5 ಲಕ್ಷದವರೆಗೆ ಮಾತ್ರ.

ಮಾಡಬೇಕಾದುದೇನು? ಖಾತೆ ಹಿರಿಯರ ಕೈಯಲ್ಲಿಯೇ ಇರಲಿ; ಸಾಧ್ಯವಿದ್ದಲ್ಲಿ ಪತಿಪತ್ನಿಯರ ಜಂಟಿ ಖಾತೆಯಾಗಿರಲಿ. ಕೈಗಡವಾಗಿ ಹೊರಗೆ ಕೊಡುವ ಬದಲು, ಅರವತ್ತು ದಾಟಿದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ನಾಮನಿರ್ದೇಶನ ಮಾಡಿದರೆ ಸಾಲದು, ಮರಣಶಾಸನವನ್ನೂ ಬರೆಯಬೇಕು. ನಾಮನಿರ್ದೇಶಿತನು ವಾರಸುದಾರರ ಪರವಾಗಿ ಹಣ ಪಡೆಯುವವನೇ ವಿನಾ ಅದರ ಒಡೆಯನಲ್ಲ. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವುದೇ ಆದರೆ, ತಮ್ಮನ್ನು ಕೊನೆಯವರೆಗೆ ಪೋಷಿಸಬೇಕೆಂಬ ಷರತ್ತು ಆ ಪತ್ರದಲ್ಲಿಯೇ ಇರಲಿ. ಷರತ್ತು ತಪ್ಪಿದರೆ 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಕಲಮಿನಂತೆ ದಾನವನ್ನು ರದ್ದುಪಡಿಸಲು ಉಪವಿಭಾಗದ ಸಹಾಯಕ ಆಯುಕ್ತರಲ್ಲಿ ಅರ್ಜಿ ಸಲ್ಲಿಸಬಹುದು. ಪ್ರತಿ ವರ್ಷ ನವೆಂಬರಿನ ಒಂದು ಭಾನುವಾರ ಪ್ರತಿಯೊಂದು ಬಸದಿಯ ಆವರಣದಲ್ಲಿ, ಆಧಾರ್ ಮೂಲಕ ಜೀವಿತ ಪ್ರಮಾಣಪತ್ರ ಸಲ್ಲಿಸಲು ಇಬ್ಬರು ಯುವಕರು ಮೇಜು ಹಾಕಿ ಕುಳಿತುಕೊಳ್ಳಲಿ. ಇದಕ್ಕೆ ತಗಲುವ ವೆಚ್ಚ ಒಂದು ದಿನದ ಹೂವಿನ ಅಲಂಕಾರಕ್ಕಿಂತ ಕಡಿಮೆ.

ಅಂದು ಬಂದಿದ್ದ ಹಿರಿಯರ ಜೊತೆ ನಾನೇ ಬ್ಯಾಂಕಿಗೆ ಹೋದೆ. ಹೊಸ ಕಾರ್ಡಿಗೆ ಅರ್ಜಿ ಕೊಟ್ಟು, ಪಾಸುಬುಕ್ಕಿನ ನಕಲು ಪಡೆದರು. ಮಗ ನನ್ನ ಮೇಲೆ ಮುನಿದ. ಈಗಲೂ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಾನೆ. ಮುನಿಯಲಿ. ಮುಂದಿನ ದಶಲಕ್ಷಣ ಪರ್ವದಲ್ಲಿ ಆ ಹಿರಿಯರು ತಮ್ಮ ಪಿಂಚಣಿಯಿಂದ ಐದು ನೂರು ರೂಪಾಯಿಗಳನ್ನು ಶಾಸ್ತ್ರದಾನಕ್ಕೆ ತಾವೇ ಎಣಿಸಿ ಕೊಟ್ಟರು. ನಾನು ಕಂಡ ಅಪರಿಗ್ರಹ ಅದು. ತನ್ನದೆಂದು ತಿಳಿದು, ತಾನೇ ಕೈಯೆತ್ತಿ ಕೊಟ್ಟದ್ದು.

ಈ ಮಾತುಗಳಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆಯನ್ನು ಬೇಡುತ್ತೇನೆ. ಆದರೆ ಮಾತನ್ನು ಹಿಂತೆಗೆದುಕೊಳ್ಳಲಾರೆ. ಜಯ ಜಿನೇಂದ್ರ.